ಎಡೆಗೆ ಬಂದ ರುಚಿತಜ್ಞ

ಸರಗೂರಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಪೈಪು, ನಲ್ಲಿ, ಎಲ್ಬೋ ಮಾರಿಕೊಂಡು ಮರ್ಯಾದೆಯಾಗಿದ್ದ ಗೌರೀಶನನ್ನು ಹಾಳು ಮಾಡಿದ್ದು ಅವನು ಮಾರುವ ಪೈಪಿನ ಕಂಪನಿಯೇ. ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನೆಲ್ಲ ಕಂಪನಿಯವರು ಬಸ್ಸಿನಲ್ಲಿ ತುಂಬಿಕೊಂಡು ಯಾವುದೋ ದ್ರಾಕ್ಷಿತೋಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕಪ್ಪು ಕೋಟು ತೊಟ್ಟ ಹುಡುಗಿಯೊಬ್ಬಳು ಉದ್ದ ಕಾಲಿನ ಗ್ಲಾಸಿಗೆ ವೈನು ಸುರಿದು, ಮೊದಲು ತಿರುಗಿಸಬೇಕು, ಆಮೇಲೆ ಮೂಗಿಟ್ಟು ಮೂಸಬೇಕು, ಆಮೇಲೆ ಬಾಯಲ್ಲಿಟ್ಟುಕೊಂಡು ಯೋಚಿಸಬೇಕು, ಕೊನೆಗೆ ಏನಾದರೊಂದು ಹೇಳಬೇಕು ಎಂದು ಕಲಿಸಿದಳು. ಉಳಿದ ಅಂಗಡಿಯವರು ತಿರುಗಿಸುವುದು, ಮೂಸುವುದು, ಯೋಚಿಸುವುದು ಎಲ್ಲವನ್ನೂ ಬಿಟ್ಟು ನೇರವಾಗಿ ಕುಡಿದು ಬಸ್ಸಿನಲ್ಲಿ ನಿದ್ದೆ ಹೋದರು. ಗೌರೀಶ ಲಿಂಗಾಯತರ ಮನೆಯವನು, ನಾಲಿಗೆಗೆ ತಾಗಿಸಿ ಉಗಿದ. ಆದರೆ ಆ 'ಏನಾದರೊಂದು ಹೇಳುವುದು' ಮಾತ್ರ ಅವನಿಗೆ ಬಹಳ ಹಿಡಿಸಿಬಿಟ್ಟಿತು. ಅವತ್ತು ಆ ಹುಡುಗಿ ಹೇಳಿದ್ದು, "ಮೊದಲು ಒದ್ದೆ ಮಣ್ಣು, ಆಮೇಲೆ ಒಣ ಹುಲ್ಲು, ಕೊನೆಗೆ ಹದ ಮಾಡಿದ ತೊಗಲು." ಗೌರೀಶ ಅದನ್ನು ಬಾಯಿಪಾಠ ಮಾಡಿಕೊಂಡು ಊರಿಗೆ ಬಂದ.

ಬಂದವನು ಮೊದಲು ಹೋದದ್ದು ಪ್ರೇಮಮ್ಮನ ಹೋಟೆಲಿಗೆ. ಇಪ್ಪತ್ತು ವರ್ಷದಿಂದ ಕುಡಿಯುತ್ತಿದ್ದ ಅದೇ ಮಜ್ಜಿಗೆಯನ್ನು ಲೋಟದಲ್ಲಿ ಗಿರಗಿರ ತಿರುಗಿಸಿ, ಬೆಳಕಿಗೆ ಹಿಡಿದು, ಮೂಗನ್ನು ಒಳಗೆ ಇಳಿಬಿಟ್ಟ.

"ಯಾಕ್ ಸಾಮಿ, ನೊಣ ಬಿದ್ದೈತಾ?" ಎಂದಳು ಪ್ರೇಮಮ್ಮ.

"ಸುಮ್ಮನಿರಿ ಪ್ರೇಮಮ್ಮ, ಓಪನ್ ಆಗಲಿ," ಎಂದು ಕಣ್ಣು ಮುಚ್ಚಿದ. ಒಂದು ಗುಟುಕು ಬಾಯಲ್ಲಿ ಆಡಿಸಿದ. "ಒದ್ದೆ ಮಣ್ಣು. ಒಣ ಹುಲ್ಲು. ಕೊನೆಗೆ ಹದ ಮಾಡಿದ ತೊಗಲು."

"ನಮ್ಮ ಮಜ್ಜಿಗೇಲಿ ತೊಗಲು ಬತ್ತೈತಾ? ಮನೇಗೋಗಿ ಬಾಯಿ ತೊಳ್ಕಂಡ್ ಬನ್ನಿ. ಇಂಗೆಲ್ಲ ಅಂದ್ರೆ ನನ್ ಹೋಟ್ಲಿಗೆ ಯಾರ್ ಬಂದಾರು?"

ಇಷ್ಟಕ್ಕೇ ನಿಲ್ಲಬಹುದಿತ್ತು. ಬೆಳಿಗ್ಗೆ ಎದ್ದು ಮಕ್ಕಳ ಡಬ್ಬಿಗೆ ಚಿತ್ರಾನ್ನ ತುಂಬಿ, ತಳದಲ್ಲಿ ಸೀದು ಅಂಟಿದ್ದನ್ನು ಸೌಟಿನಿಂದ ಕೆರೆದು ನಿಂತಲ್ಲೇ ತಿಂದು ಕೆಲಸಕ್ಕೆ ಓಡುವವರು ಊರಿನಲ್ಲಿ ಎಷ್ಟೋ ಜನರಿದ್ದಾರೆ. ಅವರು ಯಾರೂ ಊಟವನ್ನು 'ಎಕ್ಸ್‌ಪ್ಲೋರ್' ಮಾಡುವುದಿಲ್ಲ, ಊಟ ಮಾಡುತ್ತಾರೆ. ಗೌರೀಶನಿಗೆ ಆ ಸೌಭಾಗ್ಯ ತಪ್ಪಿಹೋಯಿತು. ಮೊಬೈಲು ಹಿಡಿದು ತಾಲ್ಲೂಕು ತಾಲ್ಲೂಕು ಸುತ್ತಿದ. ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವಷ್ಟರಲ್ಲಿ ನುಂಗಿದ ಇಡ್ಲಿಗೆ 'ಅವಸರದ ರುಚಿ' ಎಂದು ಎಲ್ಲರೂ ಓದುವಂತೆ ಮೊಬೈಲಿನಲ್ಲಿ ಬರೆದ. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಹರಾಜು ಕಟ್ಟೆಯ ಪಕ್ಕ ಕುಡಿದ ಕಾಫಿಯಲ್ಲಿ ಅವನಿಗೆ 'ಹೊಗೆಯ ಎಳೆ' ಸಿಕ್ಕಿತು. ಕಾಫಿ ಸೀದಿತ್ತು. ಕೆ.ಆರ್. ನಗರದಲ್ಲಿ ಅನ್ನವನ್ನು ಮೂಸುತ್ತಾ ಕೂತಾಗ ಬಡಿಸುವವನು ಬಂದು, "ಹಳಸಿಲ್ಲ ಕಣ್ರೀ, ಬೆಳಿಗ್ಗೆ ಮಾಡಿದ್ದು, ತಿನ್ನಿ," ಎಂದು ಗದರಿದ.

ಇಂಥವನಿಗೂ ಒಬ್ಬ ಗಿರಾಕಿ ಸಿಕ್ಕ. ಕಬಿನಿ ಹಿನ್ನೀರಿನ ದಂಡೆಯ ಒಂದು ರೆಸಾರ್ಟಿನ ಮ್ಯಾನೇಜರ್ ಸುನೀಲ್‌ಕುಮಾರ್. ಬೆಂಗಳೂರಿನವನು. ಅತಿಥಿಗಳು ಹುಲಿ ನೋಡಲು ಬರುತ್ತಾರೆ, ಹುಲಿ ಕಾಣಿಸುವುದಿಲ್ಲ, ಮಧ್ಯಾಹ್ನವೆಲ್ಲ ಸಿಟ್ಟಿನಲ್ಲಿರುತ್ತಾರೆ. ಅವರನ್ನು ಹಳ್ಳಿ ಮನೆಗೆ ಕರೆದುಕೊಂಡು ಹೋಗಿ, ನೆಲದ ಮೇಲೆ ಕೂರಿಸಿ, ಸ್ಥಳೀಯ ಊಟಕ್ಕೆ ಸ್ಥಳೀಯ ವೈನು ಜೋಡಿಸಿ ಕೊಟ್ಟರೆ ಹುಲಿಯನ್ನು ಮರೆಯುತ್ತಾರೆ ಎಂಬುದು ಅವನ ಲೆಕ್ಕ. ಅದಕ್ಕೊಬ್ಬ ತಜ್ಞ ಬೇಕಿತ್ತು.

"ಒಂದು ಊಟ ತೋರಿಸಿ ಗೌರೀಶ್ ಅವರೇ. ನನಗೆ ಒಪ್ಪಿಗೆಯಾದರೆ ಕೆಲಸ ನಿಮ್ಮದು," ಎಂದ.

ತೋರಿಸುವ ಮೊದಲೇ ಗೌರೀಶ ಕೆಲಸ ಸಿಕ್ಕಿತೆಂದು ಸರಗೂರಿಗೆಲ್ಲ ಸಾರಿದ. ವಿಸಿಟಿಂಗ್ ಕಾರ್ಡು ಅಚ್ಚು ಹಾಕಿಸಿದ. 'ಗೌರೀಶ್, ರುಚಿತಜ್ಞ.' ಅಷ್ಟರಲ್ಲೇ ಮುಗಿಯಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಕುರ್ಚಿಯನ್ನು ಹೆಂಡತಿಯ ತಮ್ಮ ಮಲ್ಲೇಶನಿಗೆ ಬಿಟ್ಟುಕೊಟ್ಟ. ಮಲ್ಲೇಶ ಆ ಕುರ್ಚಿಯನ್ನು ಎಷ್ಟು ವರ್ಷದಿಂದ ನೋಡುತ್ತಿದ್ದನೆಂದರೆ, ಕೂತ ದಿನವೇ ಅದಕ್ಕೊಂದು ಮೆತ್ತೆ ಹೊಲಿಸಿಕೊಂಡು ಬಂದ. ಮಾವ ಚನ್ನಬಸವಣ್ಣನವರು ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಂದು ಮಗನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, "ಅಳಿಯಂದ್ರೆ, ಊಟದ ಕೆಲಸ ಅಂತೀರಿ. ನಿಯಮ ತಪ್ಪಬ್ಯಾಡಿ. ನಮ್ಮ ಮನೆತನದಲ್ಲಿ ಯಾರೂ ಇದುವರೆಗೆ ಮೊಟ್ಟೆ ಇಟ್ಟ ಮೇಜಿನ ಮ್ಯಾಲೆ ಕೈ ಇಟ್ಟೋರಲ್ಲ," ಎಂದರು.

"ಛೆ, ಏನು ಮಾವ. ಪೂರ್ತಿ ಸಸ್ಯಾಹಾರ. ಕಳಲೆ ಪಲ್ಯ, ಸೊಪ್ಪಿನ ಸಾರು," ಎಂದ ಗೌರೀಶ.

ಅದು ಸುಳ್ಳೇನಲ್ಲ. ರೆಸಾರ್ಟಿನಲ್ಲಿ ಬಟ್ಟೆ ಒಗೆಯುವ ಮಂಗಳಾ ಅಂತರಸಂತೆಯ ಆಚೆಯ ಒಂದು ಸಣ್ಣ ಊರಿನವಳು. ಅವಳ ಮನೆಯಲ್ಲಿ ಊಟವೆಂದು ಗೊತ್ತಾಗಿತ್ತು. ಸುನೀಲ್‌ಕುಮಾರ್ ದಿನ ಹೇಳಿದಾಗ ಮಂಗಳಾ ತಲೆ ಕೆರೆದುಕೊಂಡಳು.

"ಅವತ್ತು ಮಾಲಯ ಅಮಾಸೆ ಕಣ್ ಸಾ. ಊರೆಲ್ಲ ಹಿರೀಕರ್ಗೆ ಎಡೆ ಇಕ್ತಾರೆ. ನಮ್ದು ಮೊನ್ನೇನೆ ಆಯ್ತು, ನಾನೇನೋ ಮಾಡ್ಕೊಡ್ತೀನಿ. ಆದ್ರೆ ನಂಗೆ ಡೂಟಿ ಐತೆ. ಎಲೆ ಹಾಕಿ ಬಡಿಸಿಟ್ಟು ಹೋಗಿರ್ತೀನಿ. ಮುಂದ್ಗಡೆ ಗಾಡಿ ಬರಾಕಿಲ್ಲ, ನಾಲೆ ಕಡೆಯಿಂದ ಬನ್ನಿ. ಹಿತ್ತಲ ಬಾಗ್ಲು ತೆಗ್ದೇ ಇರ್ತೈತೆ. ಹಿತ್ತಲಾಗೆ ನುಗ್ಗೆಮರ ಇರೋ ಮನೆ."

ಹೊರಡುವ ದಿನ ಹೆಂಡತಿ ನೀಲಾಂಬಿಕೆಯೂ ಹೇಳಿದಳು, "ಅಮಾವಾಸ್ಯೆ ದಿನ ಕಂಡೋರ ಮನೇಲಿ ಉಣ್ಣಬೇಡಿ ಕಣ್ರೀ."

"ಟೇಸ್ಟಿಂಗ್‌ಗೆ ತಿಥಿ ನಕ್ಷತ್ರ ಇಲ್ಲ ಕಣೇ," ಎಂದು ಗೌರೀಶ ಕಾರು ಹತ್ತಿದ.

ನಾಲೆಯ ಏರಿಯ ಮೇಲೆ ಕಾರು ನಿಲ್ಲಿಸಿ ಇಳಿದರೆ, ಸಾಲಾಗಿ ಒಂದೇ ಅಚ್ಚಿನ ಮನೆಗಳು. ಪ್ರತಿ ಮನೆಯ ಹಿತ್ತಲಲ್ಲೂ ಒಂದು ನುಗ್ಗೆಮರ.

"ಇದರಲ್ಲಿ ಯಾವುದು?" ಎಂದ ಸುನೀಲ್‌ಕುಮಾರ್.

ಮಾಮೂಲಿ ಮನುಷ್ಯನಾಗಿದ್ದರೆ ಮಂಗಳಾಗೆ ಫೋನು ಮಾಡುತ್ತಿದ್ದ. ಇಲ್ಲವೇ ಯಾರನ್ನಾದರೂ ಕೂಗಿ ಕೇಳುತ್ತಿದ್ದ. ಆದರೆ ತಜ್ಞನಿಗೆ ವಿಳಾಸ ಕೇಳುವುದೆಂದರೆ ಅವಮಾನ. ಗೌರೀಶ ಏರಿಯ ಮೇಲೆ ನಿಂತು ಮೂಗೆತ್ತಿ, ಕಣ್ಣು ಅರೆಮುಚ್ಚಿ, ಒಂದೊಂದು ಹಿತ್ತಲನ್ನೂ ಮೂಸಿದ. ಮೊದಲನೆಯದರಲ್ಲಿ ಸಗಣಿ. ಎರಡನೆಯದರಲ್ಲಿ ಸೊಪ್ಪು ಬೆಂದ ಸಪ್ಪೆ ವಾಸನೆ. ಅದೇ ಮಂಗಳಾಳ ಮನೆ. ಗೌರೀಶ ಅದನ್ನು ತಿರಸ್ಕರಿಸಿದ. ಮೂರನೆಯದರಿಂದ ಹುರಿದ ಮಸಾಲೆಯ ಘಮ ಬಂದು ಅವನ ಮೂಗಿನ ಹೊಳ್ಳೆಗಳೆರಡೂ ಅರಳಿದವು.

"ಇದೇ," ಎಂದ. "ಕಾಂಪ್ಲೆಕ್ಸ್ ಆಗಿದೆ."

ಹಿತ್ತಲ ಬಾಗಿಲು ತೆರೆದೇ ಇತ್ತು. ಒಳಗೆ ಮಬ್ಬುಗತ್ತಲು. ಮುಂಬಾಗಿಲು ಮುಚ್ಚಿತ್ತು. ನಡುಮನೆಯಲ್ಲಿ ಒಂದು ದೀಪ, ದೀಪದ ಪಕ್ಕ ಮಣೆಯ ಮೇಲೆ ಮೀಸೆಯ ಮುದುಕನೊಬ್ಬನ ಫೋಟೋ, ಅದಕ್ಕೆ ಚೆಂಡುಹೂವಿನ ಹಾರ. ಅದರ ಮುಂದೆ ಅಗಲವಾದ ಬಾಳೆಲೆ. ಎಲೆಯ ತುಂಬ ಮುದ್ದೆ, ಅನ್ನ, ಸಾರು, ಗೊಜ್ಜು, ವಡೆ, ಕಜ್ಜಾಯ. ಎಲೆಯ ಬಲಕ್ಕೆ ಗಾಜಿನ ಲೋಟದಲ್ಲಿ ಕೆಂಪಗಿನದೇನೋ. ಎಡಕ್ಕೆ ಹೊಸ ಅಂಗಿ, ಪಂಚೆ, ಟವೆಲು, ಅವುಗಳ ಮೇಲೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ.

ಸುನೀಲ್‌ಕುಮಾರನಿಗೆ ಇಂಥದ್ದು ಗೊತ್ತಿರದಿದ್ದರೆ ತಪ್ಪಿಲ್ಲ. ಹೋಟೆಲ್ ಕಾಲೇಜಿನಲ್ಲಿ ಸತ್ತವರಿಗೆ ಬಡಿಸುವುದನ್ನು ಕಲಿಸುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಇದೇ ಸೀಮೆಯ ನೀರು ಕುಡಿದ ಗೌರೀಶ, ಹಾರ ಹಾಕಿದ ಫೋಟೋವನ್ನೂ ಎಲೆಯನ್ನೂ ಒಟ್ಟಿಗೆ ನೋಡಿಯೂ ಅರ್ಥ ಮಾಡಿಕೊಳ್ಳಲಿಲ್ಲ. ಓದಿದ್ದನ್ನು ಮರೆಯುವುದು ಸುಲಭ, ಗೊತ್ತಿದ್ದನ್ನು ಮರೆಯಲು ಮಾತ್ರ ಇಂಥ ಬಿರುದೊಂದು ಬೇಕಾಗುತ್ತದೆ.

"ಯಾರೂ ಇಲ್ಲವಲ್ಲ?" ಎಂದ ಸುನೀಲ್‌ಕುಮಾರ್.

"ಅದೇ ಇಲ್ಲಿನ ಸ್ಪೆಷಾಲಿಟಿ. ಊಟ ಮಾಡುವವರ ಏಕಾಂತ."

"ಫೋಟೋ ಯಾಕಿದೆ?"

"ಆಂಬಿಯೆನ್ಸ್."

"ಎಲೆ ಒಂದೇ ಇದೆ?"

"ತಜ್ಞ ಮೊದಲು. ಗೆಸ್ಟ್ ಆಮೇಲೆ."

"ಈ ಬಟ್ಟೆ?"

ಗೌರೀಶ ಒಂದು ಕ್ಷಣವೂ ತಡವರಿಸಲಿಲ್ಲ. "ಲೋಕಲ್ ಡ್ರೆಸ್ ಸಾರ್. ಹಾಕಿಕೊಂಡೇ ಉಣ್ಣಬೇಕು. ಇಲ್ಲದಿದ್ದರೆ ಮನೆಯವರಿಗೆ ಬೇಜಾರು." ತನ್ನ ಅಂಗಿಯ ಮೇಲೆಯೇ ಆ ಹೊಸ ಅಂಗಿ ತೊಟ್ಟ. ಪಂಚೆಯನ್ನು ಪ್ಯಾಂಟಿನ ಮೇಲೆ ಸುತ್ತಿಕೊಂಡ. ಟವೆಲನ್ನು ಹುಬ್ಬಿನ ತನಕ ಇಳಿಯುವಂತೆ ತಲೆಗೆ ಬಿಗಿದ. ಬೀಡಿಯೊಂದನ್ನು ಹಚ್ಚದೆ ಕಿವಿಯ ಮೇಲಿಟ್ಟುಕೊಂಡು, "ಇದು ಊಟದ ಕೊನೆಯ ಕೋರ್ಸು," ಎಂದ.

ಸುನೀಲ್‌ಕುಮಾರನಿಗೆ ನಿಜಕ್ಕೂ ಸಂತೋಷವಾಯಿತು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಒಳಗೆ ಸಿಗ್ನಲ್ ಇರಲಿಲ್ಲ. "ಶುರು ಮಾಡಿ, ಬಂದೆ," ಎಂದು ನುಗ್ಗೆಮರದ ಬುಡಕ್ಕೆ ಓಡಿದ.

ಗೌರೀಶ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಕಪ್ಪನೆಯ ಸಾರಿನಿಂದ ಒಂದು ತುಂಡನ್ನು ಎತ್ತಿ ಬಾಯಿಗಿಟ್ಟ. ಅಗಿದ. ಕಟಕ್ಕೆಂದಿತು.

"ಕಳಲೆ ಸ್ವಲ್ಪ ಬಲಿತಿದೆ," ಎಂದುಕೊಂಡ.

ನಾಟಿ ಕೋಳಿಯ ಮೂಳೆಯನ್ನು ಎಳೆ ಬಿದಿರೆಂದು ಅಗಿದ ಮನುಷ್ಯ ತಾಲ್ಲೂಕಿನಲ್ಲಿ ಅವನಿಗಿಂತ ಮೊದಲು ಇದ್ದಿರಲಾರ. ಇನ್ನೊಂದು ತುಂಡು ಹಾಕಿಕೊಂಡ. ಮತ್ತೊಂದು. ಹೋಗಲಿ, ಚೆನ್ನಾಗಿತ್ತು.

ಈಗ ಮುಂಬಾಗಿಲ ಆಚೆ ಏನಿತ್ತೆಂದು ಹೇಳಬೇಕು. ಈ ಕಡೆಯ ಊರುಗಳಲ್ಲಿ ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಂಡು ಕೂರುತ್ತಾರೆ. ಹಿರಿಯರು ಹಿತ್ತಲಿನಿಂದಲೋ ಗಾಳಿಯಲ್ಲೋ ಬಂದು ಉಂಡು ಹೋಗಬೇಕು, ಅವರು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ತೆಂಗಿನಕಾಯಿ ಒಡೆಯುತ್ತಾರೆ. ಇನ್ನೊಂದು ಕಟ್ಟುಪಾಡು, ಎಡೆ ಅಡುಗೆಯನ್ನು ಹಿರಿಯರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಆದ್ದರಿಂದ ಉಪ್ಪು ಖಾರ ಎಲ್ಲ ಕೈ ಅಂದಾಜು.

ಜಗಲಿಯ ಮೇಲೆ ಸತ್ತ ಚೆನ್ನಯ್ಯನ ಹೆಂಡತಿ ಬೊಮ್ಮಮ್ಮ ಕೂತಿದ್ದಳು. ಪಕ್ಕದಲ್ಲಿ ದೊಡ್ಡ ಮಗ ನಾಗರಾಜು, ಕಾಯಿ ಒಡೆಯಲು ಮಚ್ಚು ಹಿಡಿದು. ಚಿಕ್ಕ ಮಗ ಕೃಷ್ಣ ಕಂಬಕ್ಕೆ ಒರಗಿದ್ದ. ನಾಗರಾಜುವಿನ ಹೆಂಡತಿ ಸವಿತಾ ಬಾಗಿಲಿಗೆ ಬೆನ್ನು ಕೊಟ್ಟಿದ್ದಳು. ಹಿರಿಯರು ಉಣ್ಣುವಾಗ ಸುಮ್ಮನಿರಬೇಕು. ಮಕ್ಕಳಿಬ್ಬರೂ ಮೆಲ್ಲಗೆ ಜಗಳವಾಡುತ್ತಿದ್ದರು. ಹಿನ್ನೀರಿನ ದಂಡೆಯ ಹೊಲದ ಜಗಳ. ಅದನ್ನು ಅದೇ ರೆಸಾರ್ಟಿನವರು ಕೇಳಿದ್ದರು, ಅತಿಥಿಗಳು ಸಂಜೆ ಕೂತು ವೈನು ಕುಡಿಯಲು ಹಲಗೆಯ ಅಟ್ಟ ಹಾಕಬೇಕಂತೆ. ಚೆನ್ನಯ್ಯನನ್ನು ಮಣ್ಣು ಮಾಡಿದ ಗುಡ್ಡೆಯೂ ಅದೇ ಹೊಲದಲ್ಲಿತ್ತು. ಬೊಮ್ಮಮ್ಮ ಒಪ್ಪಿರಲಿಲ್ಲ. ನಾಳೆ ಮ್ಯಾನೇಜರು ಬರುತ್ತಾನೆ, ಇವತ್ತು ಮಾತು ಮುಗಿಯಬೇಕು ಎಂದು ನಾಗರಾಜು ಪಟ್ಟು ಹಿಡಿದಿದ್ದ.

"ಅಪ್ಪ ಇದ್ದಿದ್ರೆ ಕೊಟ್ಬುಡೋನು ಕಣ್ಲಾ. ಆ ದುಡ್ನಾಗೆ ಬೊಲೆರೋ ಗಾಡಿ ಬತ್ತದೆ, ಬೊಲೆರೋ ಅಂದ್ರೆ ಪ್ರಾಣ ಬುಡೋನು," ಎಂದ ನಾಗರಾಜು.

"ಅವ್ನ್ ಗುಡ್ಡೆ ಮ್ಯಾಲೆ ಕುಡುಕ್ರನ್ನ ಕೂರಿಸಾಕೆ ಒಪ್ಪೋನಾ? ಸುಮ್ಕಿರಲಾ," ಎಂದ ಕೃಷ್ಣ.

"ಕುಡಿಯೋದ್ರಲ್ಲಿ ಅವ್ನೇನು ಕಮ್ಮಿಯಾ?"

ಆ ಹೊತ್ತಿಗೆ ಮುಚ್ಚಿದ ಬಾಗಿಲ ಆಚೆಯಿಂದ, ಗಂಭೀರವಾದ ಗಂಡಸಿನ ದನಿ ಕೇಳಿಸಿತು.

"ಉಪ್ಪು ಜಾಸ್ತಿಯಾಯ್ತು."

ಚೆನ್ನಯ್ಯ ಬದುಕಿದ್ದ ತನಕ ಪ್ರತಿ ಊಟದಲ್ಲೂ ಆಡಿದ ಮಾತು ಅದೊಂದೇ. ಬೆಳಿಗ್ಗೆ ಉಪ್ಪು ಹಾಕಿದ್ದ ಸವಿತಾ ಮೆಲ್ಲಗೆ ಬಾಗಿಲಿನಿಂದ ಬೆನ್ನು ಕಿತ್ತುಕೊಂಡು ಅತ್ತೆಯ ಪಕ್ಕಕ್ಕೆ ತೆವಳಿದಳು.

"ಅತ್ತೆ, ಮಾವ."

"ಕೇಳಿಸ್ತು. ಸುಮ್ಕಿರು."

"ಬೆಕ್ಕಿರ್ಬೋದು ಕಣವ್ವ," ಎಂದ ಕೃಷ್ಣ, ತನಗೇ ನಂಬಿಕೆಯಿಲ್ಲದೆ.

"ಬೆಕ್ಕು ಉಪ್ಪಿನ ಮಾತಾಡ್ತದಾ?" ಎಂದಳು ಬೊಮ್ಮಮ್ಮ.

ಒಳಗೆ ಗೌರೀಶ ಲೋಟ ಎತ್ತಿ ತಿರುಗಿಸಿದ. ಅದು ಅಂತರಸಂತೆಯಲ್ಲಿ ಕೊಂಡ ಅಗ್ಗದ ರಮ್ಮು. ಮೂಸಿದ. ಕಣ್ಣಲ್ಲಿ ನೀರು ಬಂತು. ಗುಟುಕರಿಸಿದ. ಕೊರಳಿನಿಂದ ಹೊಟ್ಟೆಯ ತನಕ ಬೆಂಕಿ ಇಳಿಯಿತು. ಮ್ಯಾನೇಜರು ಒಳಗೆ ಬಂದಾಗ ತಪ್ಪಬಾರದೆಂದು ಪಾಠ ಒಪ್ಪಿಸಿಕೊಂಡ. "ಒದ್ದೆ ಮಣ್ಣು. ಒಣ ಹುಲ್ಲು."

ನಾಗರಾಜು ಮಚ್ಚನ್ನು ಎದೆಗೆ ಅವುಚಿಕೊಂಡ. "ಮಣ್ಣೊಳ್ಗೆ ಮಲಗವ್ನಲ್ಲ, ಒದ್ದೆ ಅಂತಾವ್ನೆ."

"ಗುಡ್ಡೆ ಮ್ಯಾಲೆ ಹುಲ್ಲು ಬೆಳ್ದದೆ ಕೀಳು ಅಂತ ಎಷ್ಟ್ ದಪ ಯೋಳ್ದೆ ನಿಂಗೆ," ಎಂದ ಕೃಷ್ಣ.

"ನೀನೇ ಕೀಳ್ಬೋದಿತ್ತಲ್ಲ."

"ದೊಡ್ಡೋನು ನೀನು."

ಬೊಮ್ಮಮ್ಮ ಎದ್ದಳು. ಕೆಮ್ಮಲಿಲ್ಲ, ತಟ್ಟಲಿಲ್ಲ. ನೇರ ಬಾಗಿಲು ತಳ್ಳಿದಳು.

ದೀಪದ ಮಬ್ಬು ಬೆಳಕಿನಲ್ಲಿ, ಚೆನ್ನಯ್ಯನ ಹೊಸ ಅಂಗಿ ತೊಟ್ಟು, ಟವೆಲು ಸುತ್ತಿ, ಕಿವಿಗೆ ಬೀಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಲೋಟ ತಿರುಗಿಸುತ್ತಾ ಕೂತ ಆಕೃತಿ ತಲೆಯೆತ್ತಿತು. ಮನೆಯವರು ಈಗ ಬಂದರೆಂದು ಗೌರೀಶನಿಗೆ ಸಂತೋಷವಾಯಿತು.

"ಬನ್ನಿ, ಬನ್ನಿ. ನಿಮಗೇ ಕಾಯ್ತಿದ್ದೆ. ಕೂತ್ಕೊಳ್ಳಿ," ಎಂದ.

ನಾಗರಾಜು, ಕೃಷ್ಣ, ಸವಿತಾ ಮೂವರೂ ನೆಲಕ್ಕೆ ಬಿದ್ದು ಅವನ ಕಾಲು ಹಿಡಿದರು. ಅತಿಥಿಯನ್ನು ಸ್ವಾಗತಿಸುವ ಪದ್ಧತಿ ಎಷ್ಟು ಚೆನ್ನಾಗಿದೆ, ಇದನ್ನು ರೆಸಾರ್ಟಿನ ಪಟ್ಟಿಗೆ ಸೇರಿಸಬೇಕು ಎಂದುಕೊಂಡು ಗೌರೀಶ ಎಡಗೈಯಿಂದಲೇ ಆಶೀರ್ವಾದ ಮಾಡಿದ.

"ತಪ್ಪಾಯ್ತು ಅಪ್ಪ," ಎಂದ ನಾಗರಾಜು.

"ಇರಲಿ, ಇರಲಿ. ಕಳಲೆ ಸ್ವಲ್ಪ ಬಲಿತಿತ್ತು, ಅಷ್ಟೇ."

"ಉಪ್ಪು ನನ್ ಕೈ ತಪ್ಪು ಮಾವ," ಎಂದು ಸವಿತಾ ಅತ್ತಳು. "ಸತ್ತು ಎರಡ್ ವರ್ಸ ಆದ್ಮ್ಯಾಗೂ ಉಪ್ಪಿಗೇ ಎದ್ ಬಂದ್ರಲ್ಲ."

ಗೌರೀಶನ ಕೈಯ ಲೋಟ ತಿರುಗುವುದು ನಿಂತಿತು. ಅವನು ಸವಿತಾಳನ್ನು ನೋಡಿದ. ಫೋಟೋ ನೋಡಿದ. ಹಾರ ನೋಡಿದ. ಎಲೆ ನೋಡಿದ. ತಾನು ತೊಟ್ಟ ಅಂಗಿ ನೋಡಿದ. ಕೊನೆಗೆ ನಾಗರಾಜುವಿನ ಕೈಯ ಮಚ್ಚು ನೋಡಿದ. ತಿಂಗಳುಗಟ್ಟಲೆ ಮೂಸಿ ಮೂಸಿ ಏನೂ ತಿಳಿಯದವನಿಗೆ ಈಗ ಮೂಸದೆಯೇ ಎಲ್ಲವೂ ತಿಳಿಯಿತು. ಎಲೆಯ ಅಂಚಿನಲ್ಲಿ ಅವನೇ ಉಗಿದಿಟ್ಟ ಕಳಲೆಗೆ ಮಂಡಿಯ ಕೀಲಿತ್ತು. ಬಿದಿರಿಗೆ ಮಂಡಿ ಇರುವುದಿಲ್ಲ.

ಸರಿಯಾಗಿ ಆಗ ಹಿತ್ತಲ ಬಾಗಿಲಿನಿಂದ ಸುನೀಲ್‌ಕುಮಾರ್ ಒಳಗೆ ಬಂದ. ನಾಗರಾಜುವನ್ನು ಕಂಡು ಅವನಿಗೂ ಗೊತ್ತಾಯಿತು, ಇದು ಯಾರ ಮನೆಯೆಂದು.

"ಮ್ಯಾನೇಜ್ರು ಸಾ," ಎಂದ ನಾಗರಾಜು ಪಿಸುದನಿಯಲ್ಲಿ, "ಗಲಾಟೆ ಮಾಡ್ಬ್ಯಾಡಿ. ಅಪ್ಪ ಬಂದವ್ನೆ."

ಸುನೀಲ್‌ಕುಮಾರ್ ಬುದ್ಧಿವಂತ. ಕಂಡವರ ಮನೆಗೆ ನುಗ್ಗಿ ಸತ್ತವರ ಊಟ ತಿನ್ನಿಸಿದವನು ತಾನೇ ಎಂದರೆ ಹೊಲವೂ ಇಲ್ಲ, ಹಲ್ಲೂ ಇಲ್ಲ. ಚಪ್ಪಲಿ ಬಿಟ್ಟು ಕೈ ಮುಗಿದು ಗೋಡೆಗೆ ಒರಗಿ ನಿಂತ. ನಿಂತ ಮೇಲೆ ಅವನಿಗೆ ಇನ್ನೊಂದು ಹೊಳೆಯಿತು. ಅಪ್ಪನ ಜಾಗದಲ್ಲಿ ಕೂತಿರುವವನು ತಾನು ಕೊಡುವ ಕೆಲಸಕ್ಕೆ ಬಾಯಿ ಬಿಡುತ್ತಿರುವ ಮನುಷ್ಯ.

"ಬಂದಿದ್ದು ಒಳ್ಳೇದೇ ಆಯ್ತಲ್ಲ," ಎಂದ ಸುನೀಲ್‌ಕುಮಾರ್ ವಿನಯದಿಂದ. "ಹೊಲದ ವಿಚಾರ ಯಜಮಾನರನ್ನೇ ಕೇಳಿಬಿಡಿ." ಎಲ್ಲರ ತಲೆಯ ಮೇಲಿನಿಂದ ಗೌರೀಶನತ್ತ ಹೆಬ್ಬೆರಳು ಎತ್ತಿ, ಹೂಂ ಎನ್ನು, ಕೆಲಸ ನಿನ್ನದು ಎಂದು ಸನ್ನೆ ಮಾಡಿದ.

ಮಕ್ಕಳಿಬ್ಬರೂ ಮೊಣಕಾಲೂರಿ ಕೂತರು.

"ಅಪ್ಪ," ಎಂದ ನಾಗರಾಜು, "ಹಿನ್ನೀರಿನ ಒಲ ರೆಸಾರ್ಟ್‌ನೋರ್ಗೆ ಕೊಡಾನಾ, ಬ್ಯಾಡ್ವಾ? ನೀನ್ ಏನಂತೀಯೋ ಅದೇ ಕೊನೆ. ಕೊಡು ಅಂತೀಯ ಅಂತ ನಂಗೊತ್ತು."

ಗೌರೀಶನ ಮುಂದೆ ಮೂರು ದಾರಿಗಳಿದ್ದವು. ಹೂಂ ಎಂದರೆ ರುಚಿತಜ್ಞನ ಕೆಲಸ. ಊಹೂಂ ಎಂದರೆ ಕೆಲಸವೂ ಇಲ್ಲ, ಮಲ್ಲೇಶ ಮೆತ್ತೆ ಹಾಕಿಸಿದ ಕುರ್ಚಿಯೂ ಇಲ್ಲ. ನಾನು ನಿಮ್ಮಪ್ಪನಲ್ಲ, ಸರಗೂರಿನ ಪೈಪ್ ಅಂಗಡಿಯವನು ಎಂದರೆ ಮಚ್ಚು. ಹೂಂ ಎಂಬುದು ಗಂಟಲಿನ ತನಕ ಬಂದಿತ್ತು.

"ತಡೀರಿ," ಎಂದಳು ಬೊಮ್ಮಮ್ಮ.

ಇಷ್ಟು ಹೊತ್ತು ನಿಂತೇ ಇದ್ದ ಅವಳು ಹತ್ತಿರ ಬಂದಳು. ಗಂಡನ ಅಂಗಿಯ ಗುಂಡಿ ಸರಿ ಮಾಡುವವಳಂತೆ ಬಾಗಿದಳು. ಎರಡು ಅಂಗಿಗಳ ಸಂದಿನಿಂದ ಗೌರೀಶನ ಕೊರಳಿನ ಶಿವದಾರ ಹೊರಗೆ ಜಾರಿತ್ತು. ಅದರ ತುದಿಯಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ದೀಪಕ್ಕೆ ಹೊಳೆಯುತ್ತಿತ್ತು. ಚೆನ್ನಯ್ಯನ ಕೊರಳಲ್ಲಿ ಜೀವಮಾನದಲ್ಲಿ ಇದ್ದದ್ದು ಒಂದು ಕಪ್ಪು ದಾರ, ಅದರಲ್ಲೊಂದು ಕಿವಿ ಗುಗ್ಗೆ ತೆಗೆಯುವ ಕಡ್ಡಿ. ಬೊಮ್ಮಮ್ಮ ಕರಡಿಗೆಯನ್ನು ಎರಡು ಬೆರಳಿನಲ್ಲಿ ಎತ್ತಿ, ಯಾರಿಗೂ ಕಾಣದಂತೆ ಅಂಗಿಯ ಒಳಗೆ ಇಳಿಬಿಟ್ಟಳು.

"ಒಳ್ಗಿಟ್ಕಳಿ ಸಾಮಿ," ಎಂದಳು, ಅವನ ಕಿವಿಯ ಬೀಡಿಗಷ್ಟೇ ಕೇಳಿಸುವಂತೆ. "ಸರಗೂರಿನ ಚನ್ನಬಸವಣ್ಣೋರ ಅಳೀಮಯ್ಯ ಅಲ್ವಾ? ನಿಮ್ಮಂಗ್ಡೀಲೆ ನಲ್ಲಿ ತಕ್ಕಂಡಿವ್ನಿ. ಕೋಳಿ ಚೆಂದಾಗಿತ್ತಾ?"

ಗೌರೀಶನ ಗಂಟಲಿನಲ್ಲಿದ್ದ ಹೂಂ ಅಲ್ಲೇ ಸಿಕ್ಕಿಕೊಂಡಿತು.

"ಕೊಡಬ್ಯಾಡ ಅನ್ನಿ. ಇಲ್ಲಾಂದ್ರೆ ನಾಳೀಕೆ ನಾನೇ ಬಸ್ ಹತ್ಕಂಡ್ ಬಂದು ನಿಮ್ ಮಾವನೋರ್ಗೆ ಯೋಳ್ತೀನಿ, ಸಾರ್ನಾಗೆ ಏನೇನಿತ್ತು ಅಂತ."

ಮಚ್ಚಿಗೆ ಹೆದರದೆ ಇರುವ ಗಂಡಸರು ಸಿಗಬಹುದು. ವಿಭೂತಿ ಬಳಿದುಕೊಂಡು ಸ್ಟೂಲಿನ ಮೇಲೆ ಕೂತ ಮಾವನಿಗೆ ಹೆದರದವನು ಸರಗೂರಿನಲ್ಲಿ ಇಲ್ಲ.

"ಕೊಡಬ್ಯಾಡ," ಎಂದ ಗೌರೀಶ.

ಗೋಡೆಗೆ ಒರಗಿದ್ದವನ ಹೆಬ್ಬೆರಳು ಕೆಳಗೆ ಬಿತ್ತು.

ನಾಗರಾಜು ಸುಲಭಕ್ಕೆ ಬಿಡುವವನಲ್ಲ. "ಅಪ್ಪನೇ ಆದ್ರೆ ಯೋಳು, ಚಿಕ್ಕೋನಿದ್ದಾಗ ನಂಗ್ ಏನಂತಾ ಕೂಗ್ತಿದ್ದೆ?"

ಗೌರೀಶ ಬೊಮ್ಮಮ್ಮನ ಮುಖ ನೋಡಿದ. ಬೊಮ್ಮಮ್ಮ ಮಗನ ತಲೆಯ ಮೇಲೊಂದು ಕೊಟ್ಟಳು. "ಬದುಕಿದ್ದಾಗ ಒಂದ್ ಲೋಟ ನೀರ್ ಕೊಡ್ಲಿಲ್ಲ, ಈಗ ಪರೀಕ್ಸೆ ಮಾಡ್ತೀಯಾ? ಬೈಗುಳ ಬುಟ್ರೆ ಇನ್ನೇನಾರ ಕೂಗಿದ್ನಾ ಅವ್ನು ನಿನ್ನ? ಅವ್ನ್ ಗುಡ್ಡೆ ಮ್ಯಾಲಿನ ಹುಲ್ಲಾದ್ರೂ ಕಿತ್ತಿದ್ದೀಯಾ?"

ಗೌರೀಶ ದಾರಿ ಹಿಡಿದುಕೊಂಡ. "ಸೋಮಾರಿ. ಗುಡ್ಡೆ ಮ್ಯಾಲಿನ ಹುಲ್ಲು ಕೀಳು ಮೊದಲು," ಎಂದ.

ಒಣ ಹುಲ್ಲಿನ ಮಾತನ್ನು ಮೊದಲೇ ಬಾಗಿಲಾಚೆಯಿಂದ ಎಲ್ಲರೂ ಕೇಳಿದ್ದರು. ನಾಗರಾಜು ಮಚ್ಚು ಕೆಳಗಿಟ್ಟು ಮತ್ತೊಮ್ಮೆ ಅಡ್ಡಬಿದ್ದ. ಕೃಷ್ಣ ಅಣ್ಣನ ಭುಜ ಹಿಡಿದುಕೊಂಡು ಅತ್ತ. ಸತ್ತವನು ಒಂದು ಮಾತಿನಲ್ಲಿ ಮಾಡಿದ್ದನ್ನು ಬದುಕಿದ್ದವರು ವರ್ಷವಿಡೀ ಮಾಡಲಾಗಿರಲಿಲ್ಲ. ಸುನೀಲ್‌ಕುಮಾರ್ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹಿಂದಕ್ಕೆ ಹೆಜ್ಜೆಯಿಡುತ್ತಾ ಮಾಯವಾದ.

"ಎಲ್ರೂ ಆಚೆ ನಡೀರಿ. ಅವ್ರು ಹೋಗೋದ ನೋಡ್ಬಾರ್ದು," ಎಂದು ಬೊಮ್ಮಮ್ಮ ಮಕ್ಕಳನ್ನು ಹೊರಗೆ ಅಟ್ಟಿ ಬಾಗಿಲು ಎಳೆದಳು. ತಾನು ಒಳಗೇ ಉಳಿದಳು.

ಗೌರೀಶ ಹಿತ್ತಲ ಬಾಗಿಲಿಗೆ ಹಾರಿದ.

"ಅಂಗಿ," ಎಂದಳು ಬೊಮ್ಮಮ್ಮ. "ಪಂಚೆ, ಟವಾಲು. ಅದು ಕೃಷ್ಣಂಗೆ. ಆ ಬೀಡೀನೂ."

ಎಲ್ಲವನ್ನೂ ಬಿಚ್ಚಿಟ್ಟ. ಅವಳು ಅವುಗಳನ್ನು ಕೊಡವಿ ಮಡಿಸಿದಳು. ಗೌರೀಶ ನುಗ್ಗೆಮರದ ತನಕ ಓಡಿದ್ದ, ಹಿಂದಿನಿಂದ ಪಿಸುದನಿಯ ಕೂಗು ಬಂತು. "ಬರೋ ವರ್ಸ ಬನ್ನಿ ಸಾಮಿ. ಪಂಪ್‌ಸೆಟ್ ವಿಚಾರ ಐತೆ."

ನಾಲೆಯ ಏರಿಯ ಮೇಲೆ ಕಾರಿನ ಚಕ್ರದ ಗುರುತು ಮಾತ್ರ ಇತ್ತು. ಗೌರೀಶ ಅಂತರಸಂತೆಯ ತನಕ ನಡೆದು ಬಸ್ಸು ಹಿಡಿದ. ದಾರಿಯಲ್ಲಿ ಮಂಗಳಾಳ ಫೋನು ಬಂತು. "ಎಲೆ ಹಾಕಿಟ್ಟಿದ್ದೆ, ನಾಯಿ ತಿಂದ್ಬುಟ್ಟೈತೆ. ಬರಾಕಿಲ್ಲ ಅಂದ್ರೆ ಮೊದ್ಲೇ ಯೋಳಾಕೆ ಏನಾಗಿತ್ತು ನಿಮ್ಗೆ?" ಎಂದು ಬೈದು ಇಟ್ಟಳು.

ಮನೆಗೆ ಬಂದಾಗ ನೀಲಾಂಬಿಕೆ ಬಾಗಿಲಲ್ಲೇ ಮೂಗು ಸಿಂಡರಿಸಿದಳು. "ಏನ್ರೀ ಇದು, ಏನೋ ಒಂಥರಾ ವಾಸನೆ."

"ಹದ ಮಾಡಿದ ತೊಗಲು," ಎಂದು ಗೌರೀಶ ಬಚ್ಚಲಿಗೆ ಹೋದ.

ಸ್ನಾನ ಬಹಳ ಹೊತ್ತು ನಡೆಯಿತು. ಊಟ ಹೇಗಿತ್ತು ಎಂದು ಕೇಳಿದ್ದಕ್ಕೆ "ಹಳೇ ಕಾಲದ್ದು" ಎಂದ. ಕೆಲಸ ಏನಾಯಿತು ಎಂದು ಕೇಳಿದ್ದಕ್ಕೆ, ಆ ರೆಸಾರ್ಟಿನವರಿಗೆ ರುಚಿಯೇ ಗೊತ್ತಿಲ್ಲ ಎಂದ. ಮಾರನೆಯ ದಿನ ಅಂಗಡಿಗೆ ಹೋದರೆ ಮಲ್ಲೇಶ ಕುರ್ಚಿಯಿಂದ ಏಳಲಿಲ್ಲ. "ಭಾವ, ಆ ಮೇಲಿನ ಅಟ್ಟದಿಂದ ಎರಡಿಂಚಿನ ಎಲ್ಬೋ ಇಳಿಸಿಕೊಡಿ," ಎಂದ. ಗೌರೀಶ ಏಣಿ ಹತ್ತಿದ. ಅಚ್ಚಾದ ವಿಸಿಟಿಂಗ್ ಕಾರ್ಡುಗಳ ಹಿಂಬದಿ ಖಾಲಿಯಿತ್ತು. ಮಲ್ಲೇಶ ಅವನ್ನು ಗಿರಾಕಿಗಳಿಗೆ ಪೈಪಿನ ಅಳತೆ ಬರೆದುಕೊಡಲು ಬಳಸಿ ಮುಗಿಸಿದ. ಪ್ರೇಮಮ್ಮನ ಹೋಟೆಲಿನಲ್ಲಿ ಗೌರೀಶ ಈಗ ಮಜ್ಜಿಗೆಯನ್ನು ತಿರುಗಿಸದೆ ಕುಡಿಯುತ್ತಾನೆ. ಉಪ್ಪು ಜಾಸ್ತಿಯಿದ್ದರೂ ಬಾಯಿ ಬಿಡುವುದಿಲ್ಲ.

ಮುಂದಿನ ವರ್ಷ ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಬೊಮ್ಮಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು. ಗೌರೀಶ ಏಣಿಯ ಮೇಲಿದ್ದ. ಇಳಿಯಲೂ ಆಗಲಿಲ್ಲ, ಇನ್ನೂ ಹತ್ತಲು ಮೇಲೆ ಏಣಿಯಿರಲಿಲ್ಲ. ಚನ್ನಬಸವಣ್ಣನವರು ಸ್ಟೂಲಿನ ಮೇಲಿದ್ದರು.

"ಯಜಮಾನ್ರೇ," ಎಂದಳು ಬೊಮ್ಮಮ್ಮ ಅವರಿಗೆ ಕೈ ಮುಗಿದು, "ಹೋದ್ ವರ್ಸ ನಿಮ್ ಅಳೀಮಯ್ಯ ನಮ್ಮೂರ್ ಕಡೆ ಬಂದು ನಮ್ ಹೈಕ್ಳಿಗೆ ಒಂದು ಒಳ್ಳೇ ಮಾತ್ ಯೋಳಿ, ಒಲ ಉಳಿಸ್ಕೊಟ್ರು. ಈ ವರ್ಸಾನೂ ಅಮಾಸೆಗೆ ಕಳಿಸ್ಕೊಡ್ಬೇಕು."

ಚನ್ನಬಸವಣ್ಣನವರು ಅಳಿಯನನ್ನು ಮೊದಲ ಸಲ ನೋಡುವವರಂತೆ ತಲೆಯೆತ್ತಿ ನೋಡಿದರು. "ನೋಡಪ್ಪ ಮಲ್ಲೇಶ, ನಾವು ಸುಮ್ಮನೆ ಏನೇನೋ ಅಂದ್ಕಂಡ್ವಿ. ಹೋಗಿ ಬನ್ನಿ ಅಳಿಯಂದ್ರೆ. ರೈತರು ಮನೆ ತನಕ ಬಂದು ಕರೆದ್ರೆ ಇಲ್ಲ ಅನ್ನಬಾರದು."

ಗೌರೀಶ ಏಣಿಯಿಂದ ಇಳಿದ. ಬೊಮ್ಮಮ್ಮ ಸೆರಗಿನಿಂದ ಪಂಪಿನ ಹಳೆಯ ಫುಟ್‌ವಾಲ್ವ್ ಒಂದನ್ನು ತೆಗೆದು, ಅಳತೆ ತೋರಿಸುವವಳಂತೆ ಅವನ ಹತ್ತಿರ ಬಂದಳು.

"ಪಂಪ್‌ಸೆಟ್ ಚಿಕ್ಕೋನ್ಗೆ ಅನ್ಬೇಕು, ಗ್ಯಾಪ್ಕ ಇರ್ಲಿ," ಎಂದಳು ಮೆಲ್ಲಗೆ. "ಈ ಸಲ ಉಪ್ಪು ನಾನೇ ಆಕ್ತೀನಿ."